ಚೀಟಿಯಲ್ಲಿಲ್ಲದ ಚಪ್ಪಾಳೆ

"ಒಂದು ನಿಮಿಷ… ನಿಮ್ಮ ಕೈ ತೋರಿಸ್ತೀರಾ?"

ನಾಟಕ ಮುಗಿದು ಜನ ಮೆಟ್ಟಿಲಿಳಿಯುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಗುರುತಿಲ್ಲದವನೊಬ್ಬ ಹೀಗೆ ಕೇಳಿದರೆ ಯಾವ ಹುಡುಗಿಯಾದರೂ ಕೈ ತೋರಿಸುತ್ತಾಳೆ… ಅವನ ಕೆನ್ನೆಯ ಮೇಲೆ!

ನಮ್ಮ ಹುಡುಗಿ ಮಾತ್ರ ಎರಡೂ ಕೈಗಳನ್ನು ಸರಕ್ಕನೆ ಬೆನ್ನ ಹಿಂದೆ ಅಡಗಿಸಿಕೊಂಡಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅವಳ ಪಾಡೂ ಅದೇ.

ಎದುರಿಗೆ ನಿಂತವನ ಮುಖದ ಬಣ್ಣ ಅರ್ಧ ಮಾತ್ರ ಅಳಿಸಿತ್ತು. ಅಂಟಿಸಿದ ಮೀಸೆ ಒಂದು ಕಡೆ ಕಿತ್ತುಬಂದು ನೇತಾಡುತ್ತಿತ್ತು. ಕಳೆದುಹೋದ ಮಗುವನ್ನು ಹುಡುಕಿಕೊಂಡು ಬಂದವನಂತೆ ಏದುಸಿರು ಬಿಡುತ್ತಿದ್ದ.

"ಪೋಸ್ಟ್‌ಮ್ಯಾನ್…" ಎಂದಳು ಅವಳು, ತನಗೇ ಗೊತ್ತಿಲ್ಲದೆ.

"ಗುರುತು ಹಿಡಿದ್ರಲ್ಲ! ಮೂರೇ ನಿಮಿಷದ ಪಾತ್ರ ನಂದು. ಮಾತೂ ಇಲ್ಲ." ಅವನ ಮುಖ ಅರಳಿತು. "ಎಡಗಡೆ, ನಾಲ್ಕನೇ ಸಾಲು, ಹನ್ನೆರಡನೇ ಸೀಟು. ನೀವೇ ತಾನೆ? ಏಳು ತಿಂಗಳಿಂದ ಹುಡುಕ್ತಿದೀನಿ ಕಣ್ರೀ!"

"ನನ್ನನ್ನಾ? ಯಾಕೆ?"

"ದೀಪದ ಬೆಳಕಿಗೆ ನಮಗೆ ಯಾರ ಮುಖಾನೂ ಕಾಣಲ್ಲ. ಆದ್ರೆ ಕಿವಿ ಕೇಳುತ್ತೆ. ಸದ್ದು ಬರೋ ದಿಕ್ಕು ಹಿಡಿದು ಸೀಟು ಪತ್ತೆ ಮಾಡೋಕೆ ಇಷ್ಟು ದಿನ ಬೇಕಾಯ್ತು. ಹಗಲು ನಾನು ವಾಚ್ ರಿಪೇರಿ ಮಾಡೋನು. ಟಿಕ್ ಟಿಕ್ ಕೇಳಿನೇ ಯಾವ ಚಕ್ರ ಸವೆದಿದೆ ಅಂತ ಹೇಳ್ತೀನಿ. ನಿಮ್ಮ ಚಪ್ಪಾಳೆಗೂ ಒಂದು ನಡೆ ಇದೆ. ಮೊದ್ಲು ಒಂದು… ಆಮೇಲೆ ಅರ್ಧ ಉಸಿರು ಬಿಡುವು… ಆಮೇಲೆ ಟಪ್ ಟಪ್, ಎರಡು. ಅದಾದ್ಮೇಲೇ ಮಿಕ್ಕವರೆಲ್ಲ ಶುರು ಮಾಡೋದು."

ಇವನಿಗೆ ಗೊತ್ತಾಗಿಹೋಯಿತಾ?

"ಈ ಎರಡು ಕೈ ಇಲ್ದಿದ್ರೆ ಎರಡನೇ ವಾರಕ್ಕೇ ಬಣ್ಣ ಒರೆಸ್ಕೊಂಡು ಮನೆಗೆ ಹೋಗಿರ್ತಿದ್ದೆ. ಯಾರೋ ಒಬ್ರಿಗೆ ಮನಸಾರೆ ಇಷ್ಟ ಆಗ್ತಿದೆ ಅನ್ನೋ ಧೈರ್ಯದಲ್ಲೇ ದಿನಾ ಬರ್ತಿರೋದು. ಥ್ಯಾಂಕ್ಸ್ ಹೇಳೋಣ ಅಂತ ಬಂದೆ… ಅಷ್ಟೇ."

ಅವನು ಕೈ ಮುಗಿದ. ಆ ರಭಸಕ್ಕೆ ಮೀಸೆ ಪೂರ್ತಿ ಬಿದ್ದುಹೋಯಿತು. ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳುವೂ ಬಂತು.

'ಅಯ್ಯೋ… ಇವನಿಗೆ ನಾನು ಏನಂತ ಹೇಳಲಿ?'

ಹೇಳುವಂತೆಯೇ ಇರಲಿಲ್ಲ. ಅವಳು ಆ ಸೀಟಿನಲ್ಲಿ ಕೂರುತ್ತಿದ್ದುದು ಅಭಿಮಾನಕ್ಕಲ್ಲ. ಚಪ್ಪಾಳೆ ಹೊಡೆಯುವುದೇ ಅವಳ ಕೆಲಸವಾಗಿತ್ತು.

ನಗಬೇಡಿ. ಕತ್ತಲಲ್ಲಿ ಕೂತ ಆರುನೂರು ಜನರಿಗೆ ಒಂದು ವಿಚಿತ್ರ ಸಂಕೋಚವಿರುತ್ತದೆ. ದೃಶ್ಯ ಎಷ್ಟೇ ಇಷ್ಟವಾದರೂ ಮೊದಲು ಕೈ ಎತ್ತಲು ನಾಚಿಕೆ. ನಾನೊಬ್ಬನೇ ಹೊಡೆದುಬಿಟ್ಟರೆ? ಪಕ್ಕದವರು ತಿರುಗಿ ನೋಡಿದರೆ? ಆ ಸಂಕೋಚ ಮುರಿಯಲು ಯಾರಾದರೂ ಒಬ್ಬರು ಬೇಕು. ಆ ನಾಟಕ ಕಂಪನಿಯಲ್ಲಿ ಸುಮಾರು ನಲವತ್ತು ವರ್ಷ ಅವಳ ಅಪ್ಪನೇ ಆ ಒಬ್ಬರಾಗಿದ್ದ. ಹಗಲು ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರ್. ಸಂಜೆ ಆರಾದರೆ ಇಸ್ತ್ರಿ ಅಂಗಿ ತೊಟ್ಟು ಹನ್ನೆರಡನೇ ಸೀಟಿನಲ್ಲಿ ಹಾಜರು.

ಪ್ರತಿ ಸೋಮವಾರ ಮ್ಯಾನೇಜರು ಒಂದು ಚೀಟಿ ಕೊಡುತ್ತಿದ್ದರು. ಯಾವ ಮಾತಿಗೆ ಹೊಡೆಯಬೇಕು, ಎಷ್ಟು ಜೋರು, ಎಷ್ಟು ಹೊತ್ತು, ಎಲ್ಲ ಅದರಲ್ಲಿರುತ್ತಿತ್ತು. ನಟರಿಗೆ ಮಾತ್ರ ಈ ವಿಷಯ ತಿಳಿಯಬಾರದು. ಅಪ್ಪ ಹಾಗೆಂದು ಮಾತು ಕೊಟ್ಟಿದ್ದ.

"ನಟನಿಗೆ ಗೊತ್ತಾದ ದಿನ ಚಪ್ಪಾಳೆ ಸತ್ತ ಹಾಗೆ, ಮಗಳೇ" ಎನ್ನುತ್ತಿದ್ದ. ಆಮೇಲೆ ತಾನೇ ನಗುತ್ತಿದ್ದ. "ಬೇರೆಯವರ ಮನೇಲಿ ಕೈ ಕೆಸರಾದ್ರೆ ಬಾಯಿ ಮೊಸರು. ನಮ್ಮನೇಲಿ ಕೈ ಕೆಂಪಾದ್ರೆ!"

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಅಪ್ಪನ ಬಲಗೈ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಬಂದವನು ಸತ್ತಂತೆ ಬಿದ್ದ ಆ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಹೇಳಿದ. "ಒಂದೇ ಕೈಲಿ ಚಪ್ಪಾಳೆ ಆಗಲ್ಲ ಅಂತ ಗಾದೆ ಕಟ್ಟಿದೋನು ನನ್ನ ನೋಡೇ ಕಟ್ಟಿರ್ಬೇಕು."

ಅಂದಿನಿಂದ ಸೀಟು ಅವಳದಾಯಿತು. ಅಪ್ಪ ಪಾಠ ಹೇಳಿಕೊಟ್ಟ. "ಮಾತು ಮುಗಿದ ಮೇಲೆ ಒಂದು ಉಸಿರು ತಡಿ. ನಗೋ ಜಾಗಕ್ಕೆ ಅಂಗೈ ಚಪ್ಪಟೆ, ಅಳೋ ಜಾಗಕ್ಕೆ ಸ್ವಲ್ಪ ಗುಂಡಗೆ. ಎಲ್ಲಕ್ಕಿಂತ ಮುಖ್ಯ, ನೀನು ನಾಟಕ ನೋಡ್ಬೇಡ. ನೋಡ್ತಾ ಕೂತ್ರೆ ಜಾಗ ತಪ್ಪುತ್ತೆ."

ಅವಳು ನೋಡುತ್ತಲೇ ಇರಲಿಲ್ಲ. ಆ ಪೋಸ್ಟ್‌ಮ್ಯಾನ್ ಬರುವ ತನಕ!

ಅವನದು ಏನೂ ಇಲ್ಲದ ಪಾತ್ರ. ಬಿಸಿಲಲ್ಲಿ ಬರುತ್ತಾನೆ, ದೊಡ್ಡ ಮನೆಯವರಿಗೆ ಪಾರ್ಸೆಲ್ ಕೊಡುತ್ತಾನೆ. ಒಂದು ಲೋಟ ನೀರು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. ಅವನು ಟೋಪಿ ತೆಗೆದು ತಲೆ ಒರೆಸಿಕೊಂಡು, ಮುಚ್ಚಿದ ಬಾಗಿಲಿಗೇ ಒಂದು ಸಣ್ಣ ನಗು ನಕ್ಕು, ಟೋಪಿ ಹಾಕಿಕೊಂಡು ಹೊರಡುತ್ತಾನೆ.

ಆ ನಗುವಿಗೆ ಅವಳ ಕೈ ತಾನಾಗಿ ಎದ್ದಿತ್ತು.

ಮರುದಿನ ಮ್ಯಾನೇಜರು ರೇಗಿದರು. "ಪೋಸ್ಟ್‌ಮ್ಯಾನ್‌ಗೆ ಹೊಡಿ ಅಂತ ಯಾರಮ್ಮ ಹೇಳಿದ್ದು? ಚೀಟೀಲಿದೆಯಾ?"

"ಇಲ್ಲ ಸಾರ್… ಕೈ ತಪ್ಪಿತು."

ಅಂದು ಸಂಜೆಯೂ ಕೈ ತಪ್ಪಿತು. ಹೀಗೆ ಏಳು ತಿಂಗಳು ದಿನಾ ತಪ್ಪುತ್ತಲೇ ಇತ್ತು. ಜನರೂ ಅವಳ ಹಿಂದೆ ಕೈ ಸೇರಿಸುತ್ತಿದ್ದುದರಿಂದ ಮ್ಯಾನೇಜರು ಹಾಳಾಗಿ ಹೋಗಲಿ ಎಂದು ಸುಮ್ಮನಾದರು.

ಅವಳ ಬದುಕಿನಲ್ಲಿ ಅದೊಂದೇ ನಿಜವಾದ ಚಪ್ಪಾಳೆ. ಆದರೆ 'ನಿಮಗೆ ಹೊಡೆದದ್ದು ನಿಜ' ಎನ್ನಬೇಕಾದರೆ ಮಿಕ್ಕಿದ್ದೆಲ್ಲ ಸುಳ್ಳು ಎನ್ನಬೇಕು. ದಿನಾ ಸುಳ್ಳು ಹೊಡೆಯುವವಳ ಒಂದು ನಿಜವನ್ನು ಯಾರು ನಂಬುತ್ತಾರೆ? ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಆದರೂ ಒಂದು ವಾರದೊಳಗೆ ಅಪ್ಪನ ನಿಂತುಹೋದ ವಾಚನ್ನು ಹಿಡಿದುಕೊಂಡು ಅವನ ಅಂಗಡಿ ಹುಡುಕಿಕೊಂಡು ಹೋದಳು. ಪ್ರೀತಿಗೆ ಒಂದು ನೆಪ ಸಾಕು ನೋಡಿ!

ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ ಬೀರುವಿನಷ್ಟೇ ಅಗಲದ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ಗೋಡೆಯ ತುಂಬ ರಿಪೇರಿಗೆ ಬಂದ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು.

"ಇಷ್ಟರಲ್ಲಿ ಸರಿಯಾದ ಟೈಮ್ ಯಾವುದು?" ಎಂದು ಕೇಳಿದಳು.

ಅವನು ತಲೆ ಎತ್ತಿದ. ಭೂತಗನ್ನಡಿ ಜಾರಿ ತೊಡೆಗೆ ಬಿತ್ತು. "ನೀವು ಬಂದ ಟೈಮೇ ಸರಿಯಾದ ಟೈಮು."

"ಅಬ್ಬಾ! ಇದು ಯಾವ ನಾಟಕದ ಡೈಲಾಗು?"

"ನಾಟಕದಲ್ಲಿ ನನಗೆ ಡೈಲಾಗ್ ಎಲ್ಲಿ ಕೊಡ್ತಾರೆ? ಅದಕ್ಕೇ ಇಲ್ಲಿ ಹೇಳ್ಕೊಳ್ತಿದೀನಿ."

ವಾಚು ಎರಡೇ ದಿನದಲ್ಲಿ ಸರಿಹೋಯಿತು. ಅವಳು ಮಾತ್ರ ಹೋಗುವುದನ್ನು ನಿಲ್ಲಿಸಲಿಲ್ಲ. 'ಇವತ್ತು ಹೇಳಿಬಿಡ್ತೀನಿ' ಎಂದುಕೊಂಡೇ ಹೋಗುತ್ತಿದ್ದಳು. ಒಂದು ದಿನ ಯಾರೋ ಗಿರಾಕಿ ಬಂದರು. ಇನ್ನೊಂದು ದಿನ ಅವನಿಗೆ ಜ್ವರ. ಮತ್ತೊಂದು ದಿನ ಏನೂ ಅಡ್ಡಿಯಿರಲಿಲ್ಲ. ಅವನೊಬ್ಬನೇ ಇದ್ದ, ಅವಳೊಬ್ಬಳೇ ಇದ್ದಳು. ಅಂದು ನಾಲಿಗೆಯೇ ಏಳಲಿಲ್ಲ.

ಒಂದು ಮಧ್ಯಾಹ್ನ ಅವನೇ ಹೇಳಿದ. "ಮುಂದಿನ ನಾಟಕದಲ್ಲಿ ನನಗೆ ದೊಡ್ಡ ಪಾತ್ರ ಕೊಟ್ಟಿದಾರೆ. ಹೆಂಡತಿ ಕಳ್ಕೊಂಡ ಮುದುಕ. ಗೆದ್ರೆ ಕಂಪನಿಯಲ್ಲಿ ಖಾಯಂ. ಸೋತ್ರೆ ಬಣ್ಣಕ್ಕೆ ದೊಡ್ಡ ನಮಸ್ಕಾರ. ಮೂವತ್ತೈದಾಯ್ತು, ಇನ್ನೆಷ್ಟು ದಿನ ಈ ಹುಚ್ಚು?"

"ಗೆಲ್ತೀರಿ ಬಿಡಿ."

"ಕೊನೇ ದೃಶ್ಯದಲ್ಲಿ ಮಾತಿಲ್ಲ. ಐದು ನಿಮಿಷ ಒಬ್ನೇ ಇರ್ಬೇಕು. ಹೆಂಡತಿ ಇಲ್ಲದ ಮನೇಲಿ ಒಬ್ಬ ಮುದುಕ ಏನ್ಮಾಡ್ತಾನೆ? ಎಷ್ಟು ಯೋಚಿಸಿದ್ರೂ ಹೊಳೀತಿಲ್ಲ."

ಅವಳು ಮೇಜಿನ ಮೇಲಿದ್ದ ಸ್ಕ್ರೂ ಒಂದನ್ನು ಬೆರಳಲ್ಲಿ ಉರುಳಿಸಿದಳು. "ನಮ್ಮಮ್ಮ ಹೋಗಿ ಆರು ವರ್ಷ ಆಯ್ತು. ನಾನು ಟೀ ಕುಡಿಯಲ್ಲ. ಆದ್ರೂ ಅಪ್ಪ ಈಗ್ಲೂ ಬೆಳಗ್ಗೆ ಎರಡು ಕಪ್ ಟೀ ಹಾಕ್ತಾನೆ. ಎರಡನೇದು ಹಾಕಿದ ಮೇಲೆ ನೆನಪಾಗುತ್ತೆ. ಆಗ ಅದನ್ನ ಮೆಲ್ಲಗೆ ಪಾತ್ರೆಗೆ ವಾಪಸ್ ಸುರೀತಾನೆ. ಒಂದು ಹನೀನೂ ಚೆಲ್ಲಲ್ಲ."

ಅವನು ಭೂತಗನ್ನಡಿ ತೆಗೆದು ಕೆಳಗಿಟ್ಟ. "ಮೊದಲನೇ ಪ್ರದರ್ಶನ ಆದ್ಮೇಲೆ ನಿಮ್ಮನೆಗೆ ಬರ್ಲಾ? ನಿಮ್ಮಪ್ಪನ ಹತ್ರ ಮಾತಾಡ್ಬೇಕು… ನಮ್ಮಿಬ್ಬರ ವಿಷ್ಯ" ಎಂದ.

ಅವಳು ತಲೆಯಾಡಿಸಿದಳು. ಆ ಸುಖದ ಅಡಿಯಲ್ಲೇ ಭಯವೂ ಕೂತಿತ್ತು. 'ಅಷ್ಟರೊಳಗೆ ಹೇಳಿಬಿಡಬೇಕು. ಹೇಳಲೇಬೇಕು!'

ಹೇಳಲಿಲ್ಲ. ಹೇಳದೆಯೇ ಆ ಸಂಜೆ ಬಂದುಬಿಟ್ಟಿತು.

ಚೀಟಿಯಲ್ಲಿ ಹನ್ನೊಂದು ಜಾಗಗಳಿದ್ದವು. ಕೊನೆಯದರ ಮುಂದೆ ಮ್ಯಾನೇಜರು ಎರಡು ಗೆರೆ ಎಳೆದಿದ್ದರು. 'ಮುದುಕ, ಕೊನೆ ದೃಶ್ಯ. ಅತಿ ದೊಡ್ಡದು. ಎದ್ದು ನಿಂತು.'

ಹತ್ತು ಜಾಗಗಳೂ ಸುಸೂತ್ರವಾಗಿ ದಾಟಿದವು. ಅವಳು ಹೊಡೆದಳು, ಜನ ಹಿಂಬಾಲಿಸಿದರು. ಕೊನೆಯ ದೃಶ್ಯ ಬಂತು. ರಂಗದ ಮೇಲೆ ಒಂದು ಸ್ಟೂಲು, ಒಂದು ಒಲೆ, ಒಬ್ಬ ಮುದುಕ.

ಅವನು ಒಂದು ಕಪ್ಪಿಗೆ ಟೀ ಸುರಿದ. ಎರಡನೆಯ ಕಪ್ಪಿಗೂ ಸುರಿದ.

ಅವಳು ಕುರ್ಚಿಯ ತುದಿಗೆ ಸರಿದಳು.

ಅವನು ಎದುರಿಗಿದ್ದ ಖಾಲಿ ಜಾಗವನ್ನು ನೋಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ಎರಡನೆಯ ಕಪ್ಪನ್ನು ಎತ್ತಿ, ಪಾತ್ರೆಯ ಅಂಚಿಗೆ ತಾಗಿಸಿ, ಮೆಲ್ಲಗೆ ವಾಪಸ್ ಸುರಿಯತೊಡಗಿದ. ಹನಿ ಚೆಲ್ಲದ ಹಾಗೆ ಎಡಗೈ ಅಡ್ಡ ಹಿಡಿದಿದ್ದ. ಬಲಗೈ ಸರಿಯಿದ್ದಾಗ ಅಪ್ಪನೂ ಹಾಗೇ ಹಿಡಿಯುತ್ತಿದ್ದ. ಅದನ್ನು ಅವಳು ಹೇಳಿಯೇ ಇರಲಿಲ್ಲ!

ಪರದೆ ಬಿತ್ತು.

ಒಂದು ಉಸಿರು ತಡೆದು ಹೊಡೆಯಬೇಕು. ಒಂದು ಉಸಿರು ಕಳೆಯಿತು. ಎರಡು ಕಳೆಯಿತು. 'ಹೊಡಿ… ಹೊಡಿಯೇ!' ಎಂದು ತನ್ನನ್ನೇ ಬೈದುಕೊಂಡಳು. ತೊಡೆಯ ಮೇಲಿದ್ದ ಕೈಗಳು ಬೇರೆ ಯಾರದ್ದೋ ಆಗಿಹೋಗಿದ್ದವು. ಕಣ್ಣೀರು ಒರೆಸಲೂ ಅವು ಏಳಲಿಲ್ಲ.

ಅದು ಆ ಎಡಗಡೆಯ ಮೊದಲ ಸದ್ದಿಗೆ ನಲವತ್ತು ವರ್ಷ ಕಿವಿ ಕೊಟ್ಟು ಕಲಿತ ಸಭೆ. ಸದ್ದು ಬರಲಿಲ್ಲ. ಯಾರೋ ಮೂಗು ಸೀಟಿದರು. ಯಾರೋ ಕೆಮ್ಮಿದರು. ಕೊನೆಗೆ ಜನ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಬಾಗಿಲ ಕಡೆ ನಡೆದರು.

ಅವಳು ರಂಗದ ಹಿಂದಕ್ಕೆ ಓಡಿದಳು. ಓಣಿಯಲ್ಲಿ ಮ್ಯಾನೇಜರು ಅಡ್ಡ ಹಾಕಿದರು.

"ನಿನಗೇನಮ್ಮ ಬಂದಿದ್ದು ದೊಡ್ಡ ರೋಗ? ಚೀಟೀಲಿ ಎರಡು ಗೆರೆ ಎಳೆದು ಬರೆದುಕೊಟ್ಟಿರಲಿಲ್ವಾ? ಚಪ್ಪಾಳೆ ಹೊಡೆಯೋಕೆ ಕೂಲಿ ಕೊಟ್ಟು ಕೂರಿಸಿದ್ರೆ ಕೈ ಕಟ್ಕೊಂಡು ಕೂತಿದೀಯಲ್ಲ! ನಾಳೆಯಿಂದ ಬರ್ಬೇಡ!"

ಅವರು ದಡದಡನೆ ಹೋದರು. ಅವಳು ತಿರುಗಿದಳು. ಪರದೆಯ ಮಡಿಕೆಯ ಪಕ್ಕದಲ್ಲಿ ಅವನು ನಿಂತಿದ್ದ. ನರೆತ ವಿಗ್ಗು ಕೈಯಲ್ಲಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಕೂಲಿ…" ಎಂದ ಅವನು, ಆ ಪದವನ್ನು ಮೊದಲ ಸಲ ಕೇಳಿದವನಂತೆ.

"ನಾನೇ ಹೇಳೋಣ ಅಂತ…"

"ಪೋಸ್ಟ್‌ಮ್ಯಾನ್‌ಗೆ ಹೊಡೆದಿದ್ದೂ ಚೀಟೀಲಿತ್ತಾ?"

"ಇರ್ಲಿಲ್ಲ! ಅದೊಂದೇ ಇರ್ಲಿಲ್ಲ!"

"ಹೇಗೆ ನಂಬ್ಲಿ?" ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. "ಇವತ್ತು ನಾನು ಒಂದೇ ಒಂದು ಸದ್ದಿಗೆ ಕಾಯ್ತಾ ನಿಂತಿದ್ದೆ. ಕೂಲಿ ಕೊಟ್ರೂ ನಿಮ್ಮ ಕೈ ಏಳ್ಲಿಲ್ಲ. ಅಷ್ಟು ಕೆಟ್ಟದಾಗಿತ್ತಾ?"

ಚೆನ್ನಾಗಿತ್ತು ಎನ್ನಬೇಕಿತ್ತು ಅವಳು. ಆದರೆ ಚೆನ್ನಾಗಿತ್ತು ಎಂದು ಸಾರುವುದೇ ಅವಳ ಹೊಟ್ಟೆಪಾಡು ಎಂದು ಅವನಿಗೀಗ ಗೊತ್ತಿತ್ತಲ್ಲ! ಈಗ ಕೈ ತಟ್ಟಿದರೂ ಸುಳ್ಳು, ಬಾಯಿ ತೆರೆದರೂ ಸುಳ್ಳು. ಅವಳು ಸುಮ್ಮನೆ ಅಳುತ್ತ ನಿಂತಳು.

"ಭಾನುವಾರದ ತನಕ ಒಪ್ಕೊಂಡಿದೀನಿ, ಮುಗಿಸ್ತೀನಿ. ಆಮೇಲೆ ಈ ಬಣ್ಣ ಬೇಡ." ಅವನು ವಿಗ್ಗನ್ನು ಮೊಳೆಗೆ ನೇತು ಹಾಕಿ ಹೊರಟುಹೋದ.

ಅಪ್ಪನ ಜತೆ ಮಾತಾಡಲು ಅಂದು ಯಾರೂ ಬರಲಿಲ್ಲ.

ಮುಂದಿನ ದಿನಗಳಲ್ಲಿ ಮ್ಯಾನೇಜರೇ ಹನ್ನೆರಡನೇ ಸೀಟಿನಲ್ಲಿ ಕೂತರಂತೆ. ಧೂಳು ಹಿಡಿದ ಕಂಬಳಿ ಕೊಡವಿದಂತಿತ್ತಂತೆ ಅವರ ಚಪ್ಪಾಳೆ. ಅವಳು ಮನೆಯಲ್ಲಿ ಕೂತು ಪುಸ್ತಕಗಳಿಗೆ ಅಂಟು ಸವರಿದಳು. ಎರಡು ಸಲ ಅವನ ಅಂಗಡಿಯ ಬೀದಿಯ ತನಕ ಹೋಗಿ ವಾಪಸ್ಸಾದಳು. ಹೋಗಿ ಏನು ಹೇಳುವುದು?

ಶುಕ್ರವಾರ ಸಂಜೆ ಒಂದು ನಿಘಂಟಿಗೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿದಳು. ಅಪ್ಪ ಅದನ್ನು ನೋಡಿದ, ಅವಳನ್ನು ನೋಡಿದ.

"ಮನಸ್ಸೂ ಹೀಗೇ ತಲೆಕೆಳಗಾಗಿದೆ ಅನ್ನು."

ಅಷ್ಟೇ ಸಾಕಾಯಿತು. ಅವಳು ಎಲ್ಲವನ್ನೂ ಹೇಳಿಕೊಂಡು ಅತ್ತಳು. ಟೀ ಕಪ್ಪಿನ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಕೊನೆಗೆ, "ಜಾಗ ತಪ್ಪಿಸಿದೆ ಅಪ್ಪಾ, ನಿನ್ನ ಸೀಟಿಗೆ ಅವಮಾನ ಮಾಡಿದೆ" ಎಂದಳು.

ಅಪ್ಪ ಎದ್ದು, ಎಡಗೈಯಿಂದ ಕಪಾಟು ತೆಗೆದ. ಅಲ್ಲಿ ಅವನ ಚೀಟಿಗಳಿದ್ದವು. ಬೈಂಡರ್ ಅಲ್ಲವೇ? ವರ್ಷಕ್ಕೊಂದರಂತೆ ಹೊಲಿದು ರಟ್ಟು ಹಾಕಿ ಜೋಡಿಸಿಟ್ಟಿದ್ದ. ಕೊನೆಯದು ಈ ವರ್ಷದ್ದು. ಅದಕ್ಕೆ ಇನ್ನೂ ರಟ್ಟು ಬಿದ್ದಿರಲಿಲ್ಲ, ದಾರದಲ್ಲಿ ಹೊಲಿದಿತ್ತಷ್ಟೇ. ಅವಳು ಸೂಜಿ ಹಿಡಿದಿದ್ದಳು, ಅವನು ಎಡಗೈಯಲ್ಲಿ ದಾರ ಎಳೆದಿದ್ದ.

"ತಗೊಂಡ್ಹೋಗಿ ಅವನಿಗೆ ಕೊಡು."

"ಅಪ್ಪಾ! ಯಾರಿಗೂ ತೋರಿಸಲ್ಲ ಅಂತ ಮಾತು ಕೊಟ್ಟಿದೀಯ ನೀನು!"

"ಕೊಟ್ಟಿದೀನಿ. ಆ ಮಾತು ಉಳಿಸೋಕೆ ನಿನ್ನ ಕಳ್ಕೊಳ್ಳೋಕಾಗುತ್ತಾ?" ಅವನು ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದ. "ನಲವತ್ತು ವರ್ಷ, ಮಗಳೇ. ಒಂದು ದಿನಾನೂ ನನ್ನ ಕೈ ತಾನಾಗಿ ಎದ್ದಿಲ್ಲ. ನಿನ್ನದು ಎದ್ದಿದೆ. ಹೋಗು."

ಶನಿವಾರ ಬೆಳಗ್ಗೆ ಅವಳು ಅಂಗಡಿಗೆ ಹೋದಳು. ಅವನು ಭೂತಗನ್ನಡಿ ತೆಗೆಯಲಿಲ್ಲ.

"ಇದರಲ್ಲಿ ಈ ವರ್ಷದ ಚೀಟಿಗಳೆಲ್ಲ ಇವೆ."

"ನನಗೆ ಯಾವ್ಯಾವ ದಿನ ಎಷ್ಟೆಷ್ಟು ಸುಳ್ಳು ಬಿತ್ತು ಅಂತ ಓದ್ಬೇಕಾ?"

"ಇಟ್ಟಿರ್ತೀನಿ" ಎಂದಷ್ಟೇ ಹೇಳಿ, ಪುಸ್ತಕವನ್ನು ಬಿಚ್ಚಿಟ್ಟ ವಾಚಿನ ಪಕ್ಕ ಇಟ್ಟು ಹೊರಬಂದಳು. ಮೂವತ್ತು ಗಡಿಯಾರಗಳ ಸದ್ದು ಬೀದಿಯ ತಿರುವಿನ ತನಕ ಕಿವಿಯಲ್ಲೇ ಇತ್ತು.

ಭಾನುವಾರ ಮಧ್ಯಾಹ್ನ ಅಪ್ಪ ನನಗೆ ಆ ಇಸ್ತ್ರಿ ಅಂಗಿ ತೊಡಿಸು ಎಂದ.

"ಎಲ್ಲಿಗೆ?"

"ನಾಟಕಕ್ಕೆ. ಜೀವನದಲ್ಲಿ ಒಂದ್ಸಲ ಟಿಕೆಟ್ ತಗೊಂಡು ನೋಡ್ಬೇಕು ಅಂತ ಆಸೆ."

ಹಿಂದಿನ ಸಾಲಿನಲ್ಲಿ ಸೀಟು ಸಿಕ್ಕಿತು. ಕೂತ ಮೇಲೆ ಅವಳು ಗಮನಿಸಿದಳು. ಎಡಗಡೆ, ನಾಲ್ಕನೇ ಸಾಲಿನ ಹನ್ನೆರಡನೇ ಸೀಟು ಖಾಲಿ! ಮ್ಯಾನೇಜರು ಗೋಡೆಗೆ ಒರಗಿ ನಿಂತಿದ್ದರು. ಅಂಗೈ ಊದಿ ಬಟ್ಟೆ ಕಟ್ಟಿಕೊಂಡಿದ್ದರು. ಅಪ್ಪನನ್ನು ನೋಡಿ ಹತ್ತಿರ ಬಂದು ಪಿಸುಗುಟ್ಟಿದರು. "ಇವತ್ತು ಯಾರೂ ಹೊಡೀಕೂಡ್ದು, ಬಂದಿದ್ದು ಬರ್ಲಿ ಅಂತ ಅವನದೇ ಹಟ. ಕೊನೇ ದಿನ ಅಲ್ವಾ, ಹಾಳಾಗ್ಲಿ ಅಂತ ಬಿಟ್ಟೆ."

ನಾಟಕ ಶುರುವಾಯಿತು. ಚೀಟಿಯ ಹತ್ತು ಜಾಗಗಳೂ ಒಂದೊಂದಾಗಿ ಬಂದುಹೋದವು. ಯಾರೂ ಕೈ ತಟ್ಟಲಿಲ್ಲ. ಪ್ರತಿ ಜಾಗದಲ್ಲೂ ಅವಳ ಬೆರಳುಗಳು ಚಡಪಡಿಸಿದವು. ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತಳು. ತಾನು ಹೊಡೆದರೆ ಅವನು ಗುರುತು ಹಿಡಿಯುತ್ತಾನೆ. ಕರುಣೆ ಎಂದುಕೊಳ್ಳುತ್ತಾನೆ, ಇಲ್ಲವೇ ಕೂಲಿ ಎಂದುಕೊಳ್ಳುತ್ತಾನೆ.

ಕೊನೆಯ ದೃಶ್ಯ ಬಂತು. ಒಲೆ, ಸ್ಟೂಲು, ಮುದುಕ.

ಎರಡನೆಯ ಕಪ್ಪಿಗೆ ಟೀ ಬೀಳುವಾಗ ಅಪ್ಪ ಅವಳ ಕಡೆ ತಿರುಗಿದ. ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು. ಟೀ ವಾಪಸ್ ಪಾತ್ರೆಗೆ ಸುರಿಯುವ ಸದ್ದು ಕೊನೆಯ ಸಾಲಿನ ತನಕ ಬಂತು. ಪರದೆ ನಿಧಾನಕ್ಕೆ ಇಳಿಯಿತು.

ಮತ್ತೆ ಅದೇ ಮೌನ.

ಅವಳು ಕಣ್ಣು ಮುಚ್ಚಿಕೊಂಡಳು. 'ಯಾರಾದರೂ… ಯಾರಾದರೂ ಒಬ್ಬರು…'

ಠಪ್.

ಪಕ್ಕದಿಂದಲೇ ಬಂತು. ಚಪ್ಪಾಳೆಯ ಸದ್ದಲ್ಲ ಅದು, ಮರದ ಸದ್ದು. ಅಪ್ಪ ಎಡಗೈಯಿಂದ ಕುರ್ಚಿಯ ಕೈಯನ್ನು ಬಡಿಯುತ್ತಿದ್ದ. ಠಪ್… ಠಪ್… ಠಪ್. ನಡೆ ಇಲ್ಲ, ಲೆಕ್ಕ ಇಲ್ಲ. ಉಸಿರು ತಡೆದು ಹೊಡಿ ಎಂದು ಕಲಿಸಿದವನು ಉಸಿರೆಳೆಯುವುದನ್ನೇ ಮರೆತು ಬಡಿಯುತ್ತಿದ್ದ. ಕೆನ್ನೆಗಳು ಒದ್ದೆಯಾಗಿದ್ದವು.

ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿ, ತಾನೂ ಕೈ ತಟ್ಟಿದಳು. ಅವಳ ಗಂಡ ತಟ್ಟಿದ. ಮಧ್ಯದಿಂದ, ಬಲಗಡೆಯಿಂದ, ಮೇಲಿನ ಅಂತಸ್ತಿನಿಂದ ಬಂತು. ಜನ ಎದ್ದು ನಿಂತರು, ಕಾಲು ಬಡಿದರು, ಯಾರೋ ಶಿಳ್ಳೆ ಹಾಕಿದರು! ಮ್ಯಾನೇಜರು ಊದಿದ ಕೈಯಲ್ಲೇ ಹೊಡೆದು "ಅಯ್ಯಯ್ಯೋ" ಎಂದರು.

ಪರದೆ ಮತ್ತೆ ಎದ್ದಿತು. ಅವನು ರಂಗದ ನಡುವೆ ನಿಂತಿದ್ದ. ತಲೆ ಬಾಗಿಸಲಿಲ್ಲ, ನಗಲಿಲ್ಲ. ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾಲಿಸಿ, ಕೆಟ್ಟ ವಾಚನ್ನು ಕಿವಿಗೆ ಹಿಡಿದವನಂತೆ ಆ ಅಬ್ಬರದೊಳಗೆ ಏನನ್ನೋ ಹುಡುಕುತ್ತಿದ್ದ.

ಹುಡುಕಿದ್ದು ಸಿಗಲಿಲ್ಲ. ಅವಳು ಮಾತ್ರ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

ಜನ ಖಾಲಿಯಾದರು. ಅಪ್ಪನಿಗೆ ಏಳಲು ಸಾವಕಾಶ ಬೇಕಿತ್ತು. ಅವರಿಬ್ಬರೂ ಕೂತೇ ಇದ್ದಾಗ ಅವನು ಸಾಲುಗಳ ನಡುವೆ ನಡೆದು ಬಂದ. ಬಣ್ಣ ಅಳಿಸಿರಲಿಲ್ಲ. ಕಂಕುಳಲ್ಲಿ ರಟ್ಟಿಲ್ಲದ ಆ ಪುಸ್ತಕವಿತ್ತು.

"ಮೊದಲು ಹೊಡೆದದ್ದು ನೀವಾ?" ಎಂದು ಅಪ್ಪನನ್ನು ಕೇಳಿದ. "ಮರದ ಸದ್ದು. ಒಂದೇ ಕೈ."

"ಚೀಟಿ ಇಲ್ದೆ ಹೊಡೆದದ್ದು ಇವತ್ತೇ ಮೊದ್ಲು, ಕಣಪ್ಪ" ಎಂದ ಅಪ್ಪ. "ಅದಕ್ಕೇ ಸ್ವಲ್ಪ ಕೆಟ್ಟದಾಗಿ ಬಂತು. ಆ ಎರಡನೇ ಕಪ್ಪು… ಇವಳು ಹೇಳಿದ್ದಾ?"

"ಹೌದು. ಕೇಳದೆ ತಗೊಂಡೆ. ತಪ್ಪಾಯ್ತು."

ಅಪ್ಪ ತಲೆ ಅಲ್ಲಾಡಿಸಿದ. "ನಾಳೆ ಬೆಳಗ್ಗೆ ಮನೆಗೆ ಬಾ. ಎರಡು ಕಪ್ ಹೇಗೂ ಹಾಕ್ತೀನಿ. ವಾಪಸ್ ಸುರಿಯೋ ಕೆಲ್ಸ ತಪ್ಪುತ್ತೆ."

ಹಾಗೆಂದು ಗೋಡೆ ಹಿಡಿದುಕೊಂಡು ಬಾಗಿಲ ಕಡೆ ನಡೆದ, ಹಿಂದೆ ತಿರುಗದೆ.

ಈಗ ಅವರಿಬ್ಬರೇ.

"ರಾತ್ರಿಯೆಲ್ಲ ಓದಿದೆ" ಎಂದ ಅವನು. "ಅಷ್ಟೂ ಚೀಟಿ. ದೊಡ್ಡ ಮನೆಯವರಿಗಿದೆ, ಅವರ ಆಳಿಗಿದೆ, ಕೊನೆಗೆ ಅವರ ನಾಯಿಗೂ ಇದೆ. ಪೋಸ್ಟ್‌ಮ್ಯಾನ್‌ಗಿಲ್ಲ."

"ಇಲ್ಲ."

"ಒಂದು ಕಡೆ ಮ್ಯಾನೇಜರು ಕೆಂಪು ಪೆನ್ನಲ್ಲಿ ಬರೆದಿದಾರೆ. 'ಪೋಸ್ಟ್‌ಮ್ಯಾನ್‌ಗೆ ಹೊಡೆಯಬೇಡ.' ಆ ವಾರಾನೂ ಹೊಡೆದಿದೀರಿ. ನಾನೇ ಕೇಳಿದೀನಿ." ಅವನ ದನಿ ಒಡೆಯಿತು. "ನಿಮ್ಮನ್ನ ಕೂಲಿಯವಳು ಅಂದ್ಕೊಂಡೆನಲ್ರೀ… ಕ್ಷಮಿಸ್ತೀರಾ?"

"ನಾನು ಮುಂಚೆನೇ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ. ನೀವು ನನ್ನ ಕೈ ಸದ್ದು ಕೇಳಿ ಬಂದೋರು. ಆ ಕೈನೇ ಸುಳ್ಳು ಅಂತ ಗೊತ್ತಾದ್ರೆ ನನ್ನ ಹತ್ರ ಇನ್ನೇನಿತ್ತು?"

"ಮತ್ತೆ ಇವತ್ತು? ಅಷ್ಟು ಜನ ಹೊಡೆದ್ರು. ನಿಮ್ಮದೊಂದೇ ಕೇಳಿಸ್ಲಿಲ್ಲ."

ಅವಳು ಕೈಗಳನ್ನು ಮುಂದೆ ಚಾಚಿ ತೋರಿಸಿದಳು, ಮೊದಲ ದಿನ ಅವನು ಕೇಳಿದ್ದನ್ನು ಇಂದು ಕೊಡುವವಳಂತೆ. ಕಣ್ಣೀರಿಗೆ ಎರಡೂ ಅಂಗೈ ಒದ್ದೆ.

"ಇಷ್ಟ ಆದ್ರೆ ಇವು ತಾವಾಗೇ ಏಳ್ತವೆ, ಪೋಸ್ಟ್‌ಮ್ಯಾನ್‌ಗೆ ಎದ್ದ ಹಾಗೆ. ಎದೆಗೇ ತಾಗಿದ್ರೆ ಏಳೋದೇ ಇಲ್ಲ. ಈ ನಾಟಕದ ಮೊದಲನೇ ಪ್ರದರ್ಶನದಲ್ಲೂ ಹೀಗೇ ಆಗಿತ್ತು. ನಾನೇನ್ಮಾಡ್ಲಿ, ಹೇಳಿ?"

ಅವನು ಆ ಕೈಗಳನ್ನು ನೋಡುತ್ತ ನಿಂತ. ಮುದುಕನ ಬಣ್ಣದ ಮೇಲೆ ನಿಜವಾದ ಕಣ್ಣೀರು ಗೆರೆ ಎಳೆಯಿತು.

"ನನ್ನ ಜೊತೆ ಇರ್ತೀರಾ? ಕೊನೇ ತನಕ?"

ಅವಳು ತಲೆಯಾಡಿಸಿದಳು.

"ಕೇಳಿಸ್ಲಿಲ್ಲ" ಎಂದ ಅವನು. "ನಾನು ಕಿವಿ ನಂಬಿ ಬದುಕೋನು."

ಅವಳು ಅಳುತ್ತಲೇ ನಕ್ಕಳು. ಅವನ ಬಲಗೈ ಹಿಡಿದು, ಅಂಗೈ ಬಿಡಿಸಿ, ತನ್ನ ಅಂಗೈಯಿಂದ ಒಂದು ಸಲ ತಟ್ಟಿದಳು. ಅರ್ಧ ಉಸಿರು ತಡೆದಳು. ಆಮೇಲೆ ಮೆಲ್ಲಗೆ ಇನ್ನೆರಡು ಸಲ ತಟ್ಟಿದಳು.

"ಈಗ ಕೇಳಿಸ್ತಾ?"

"ಹ್ಞೂಂ… ಇನ್ನೊಂದ್ಸಲ."